ಬಾಟಲಿಯಲ್ಲಿ ಫಾರ್ಮಲಿನ್ ಇರಲಿಲ್ಲ: ಆರೋಗ್ಯ ಸಚಿವರಿಗೆ ಕೋಲಾರದಿಂದ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಕರ್ನಾಟಕ ಸರ್ಕಾರ,
ಜೊತೆಗೆ ಬೆಂಗಳೂರಿನಲ್ಲಿ ಮೆದುಳಿನ ಗಡ್ಡೆಗಳ ಮೇಲೆ ಸಂಶೋಧನೆ ಮಾಡುತ್ತಿರುವ ಎಲ್ಲ ವಿಜ್ಞಾನಿಗಳಿಗೆ,

ನಮಸ್ಕಾರ.

ನಾನು ಕೋಲಾರದಲ್ಲಿ ಲ್ಯಾಬ್ ಟೆಕ್ನಿಷಿಯನ್. ಹನ್ನೊಂದು ವರ್ಷದಿಂದ ಹಿಸ್ಟೊಪೆಥಾಲಜಿ ವಿಭಾಗದಲ್ಲಿದ್ದೇನೆ. ಅಂದರೆ ಆಪರೇಷನ್‌ನಲ್ಲಿ ತೆಗೆದ ತುಣುಕುಗಳು ಬಾಟಲಿಯಲ್ಲಿ ನನ್ನ ಟೇಬಲ್ಲಿಗೆ ಬರುತ್ತವೆ. ಅವನ್ನು ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡುವುದು, ಮೈಕ್ರೊಟೋಮ್‌ನಲ್ಲಿ ಮೂರು-ನಾಲ್ಕು ಮೈಕ್ರಾನ್ ತೆಳ್ಳಗೆ ಕೊಯ್ಯುವುದು, ಬೆಚ್ಚಗಿನ ನೀರಿನ ಮೇಲೆ ತೇಲಿಸಿ ಸುಕ್ಕು ಬಿಡಿಸುವುದು, ಗಾಜಿನ ಸ್ಲೈಡಿಗೆ ಎತ್ತಿಕೊಂಡು ಬಣ್ಣ ಹಾಕುವುದು ನನ್ನ ಕೆಲಸ. ಡಾಕ್ಟರು ಮೈಕ್ರೊಸ್ಕೋಪಿನಲ್ಲಿ ನೋಡುವುದನ್ನು ತಯಾರು ಮಾಡಿ ಕೊಡುವವರು ನಮ್ಮಂಥವರು. ನಮ್ಮ ಹೆಸರು ರಿಪೋರ್ಟಿನಲ್ಲಿ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ತುಣುಕು ಕೆಟ್ಟು ಬಂದಿದ್ದರೆ ಮೊದಲು ಗೊತ್ತಾಗುವುದು ನಮ್ಮ ಕೈಗೆ.

ಈ ಪತ್ರ ಬರೆಯುತ್ತಿರುವುದು ನನ್ನ ಭಾವನ ಕಾರಣಕ್ಕೆ. ಅಕ್ಕನ ಗಂಡ. ತೀರಿಕೊಂಡಾಗ ಅವರಿಗೆ 45 ವರ್ಷ. ಟೊಮೆಟೊ ಮಂಡಿಯಲ್ಲಿ ರೈಟರ್ ಆಗಿದ್ದರು. ಕೋಲಾರ ಎಪಿಎಂಸಿಗೆ ಸೀಸನ್‌ನಲ್ಲಿ ಬಂದು ನೋಡಿದವರಿಗೆ ಗೊತ್ತಿರುತ್ತದೆ, ಹರಾಜು ಶುರುವಾದರೆ ರೈಟರ್‌ಗೆ ತಲೆ ಎತ್ತಲೂ ಪುರುಸೊತ್ತು ಇರುವುದಿಲ್ಲ. ಯಾರ ಲಾಟ್, ಎಷ್ಟು ಬಾಕ್ಸ್, ಎಷ್ಟಕ್ಕೆ ಹೋಯಿತು, ಎಲ್ಲವನ್ನೂ ಕಿವಿಯಲ್ಲಿ ಕೇಳಿಸಿಕೊಂಡೇ ಬರೆಯಬೇಕು. ಭಾವನ ಲೆಕ್ಕ ತಪ್ಪಿದ್ದು ಅಂತ ಇರಲಿಲ್ಲ.

ಒಂದು ದಿನ ಮಂಡಿ ಮಾಲೀಕರು ಅಕ್ಕನಿಗೆ ಫೋನ್ ಮಾಡಿ, ಯಾಕೋ ಯಜಮಾನರಿಗೆ ಹುಷಾರಿಲ್ಲ ಅನ್ಸುತ್ತೆ ಅಂದರು. ನಾನೇ ಹೋದೆ. ಅವರ ಪುಸ್ತಕ ತೆಗೆದು ತೋರಿಸಿದರು. ಹಾಳೆಯ ಬಲಗಡೆ ಅರ್ಧ ಮಾತ್ರ ಬರೆದಿದ್ದರು. ಎಡಗಡೆ, ರೈತರ ಹೆಸರು ಬರೆಯಬೇಕಾದ ಕಡೆ, ಪೂರ್ತಿ ಖಾಲಿ. ಹೆಸರು, ಊರು, ಬಾಕ್ಸು, ರೇಟು ಎಲ್ಲವನ್ನೂ ಬಲಗಡೆಯ ಅರ್ಧದಲ್ಲೇ ಒತ್ತೊತ್ತಾಗಿ ತುರುಕಿದ್ದರು. ಹೀಗೆ ನಾಲ್ಕು ಹಾಳೆ. ಭಾವನನ್ನು ಕೇಳಿದರೆ, 'ಸರಿಯಾಗೇ ಬರೆದಿದ್ದೀನಲ್ಲೋ' ಅಂದರು. ಅವರಿಗೆ ಎಡಗಡೆ ಒಂದಿದೆ ಅನ್ನುವುದೇ ಕಾಣುತ್ತಿರಲಿಲ್ಲ. ಕಣ್ಣಿನ ದೋಷ ಅಲ್ಲ. ಮೆದುಳಿನ ಬಲಭಾಗಕ್ಕೆ ಪೆಟ್ಟಾದರೆ ಎಡಗಡೆಯ ಜಗತ್ತು ಮನಸ್ಸಿನಿಂದಲೇ ಜಾರಿ ಹೋಗುತ್ತದೆ. ಬೆಳಗಿನ ಜಾವದ ತಲೆನೋವು, ವಾಂತಿ ಎರಡು ತಿಂಗಳಿಂದ ಇತ್ತಂತೆ. ಪಿತ್ತ ಅಂದುಕೊಂಡು ಜೀರಿಗೆ ಕಷಾಯ ಕುಡಿಯುತ್ತಿದ್ದರು.

ಎಂಆರ್‌ಐ ಆಯಿತು. ಬಲಗಡೆ ಗಡ್ಡೆ. ಆ ವಾರವೇ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ನಾನು ಹೇಳುವುದು ಒಂದೇ ಆಸ್ಪತ್ರೆಯ ತಪ್ಪು ಅಲ್ಲ, ಇಂಥದ್ದನ್ನು ಹನ್ನೊಂದು ವರ್ಷದಲ್ಲಿ ಎಷ್ಟೋ ಬಾಟಲಿಗಳಲ್ಲಿ ನೋಡಿದ್ದೇನೆ. ಆಪರೇಷನ್ ಮಾಡಿದ ಸರ್ಜನ್ ಬಗ್ಗೆ ನಮಗೆ ಒಂದು ಮಾತಿನ ದೂರೂ ಇಲ್ಲ, ಅವರು ಭಾವನ ಎಡಗೈಗೆ ಮತ್ತೆ ಸ್ವಲ್ಪ ಬಲ ಬರುವ ಹಾಗೆ ಮಾಡಿದರು.

ಶನಿವಾರ ಸಂಜೆ ಐದಕ್ಕೆ ಆಪರೇಷನ್ ಥಿಯೇಟರ್‌ನಿಂದ ಅಟೆಂಡರ್ ಬಂದು ಅಕ್ಕನ ಕೈಗೆ ಒಂದು ಬಾಟಲಿ ಕೊಟ್ಟ. 'ಬಯಾಪ್ಸಿಗೆ, ಲ್ಯಾಬಿಗೆ ಕೊಟ್ಟುಬಿಡಿ' ಅಂದ. ಅಕ್ಕ ಕೆಳಗೆ ಹೋದರೆ ಕೌಂಟರ್ ಮುಚ್ಚಿತ್ತು. ಸೋಮವಾರ ಬನ್ನಿ ಅಂದರು. ಅಕ್ಕ ಆ ಬಾಟಲಿಯನ್ನು ಬಟ್ಟೆ ಬ್ಯಾಗಿನಲ್ಲಿ ಇಟ್ಟುಕೊಂಡು ಐಸಿಯು ಮುಂದಿನ ಕುರ್ಚಿಯಲ್ಲಿ ಕೂತಳು. ನಾನು ಆ ವಾರಾಂತ್ಯ ಡ್ಯೂಟಿಯಲ್ಲಿದ್ದೆ. ಭಾನುವಾರ ಸಂಜೆ ಆರು ಗಂಟೆಗೆ ಮಾತಾಡುವಾಗ ಕೊನೆಗೆ ನೆನಪಾಗಿ ಹೇಳಿದಳು, ಬಾಟಲಿ ನನ್ನ ಹತ್ರಾನೇ ಇದೆ ಅಂತ.

ನನಗೆ ಎದೆ ಧಸಕ್ಕೆಂದಿತು. 'ಅಕ್ಕ, ಮುಚ್ಚಳ ತೆಗೆದು ಸ್ವಲ್ಪ ದೂರದಿಂದ ವಾಸನೆ ನೋಡು. ಕಣ್ಣು ಉರಿಯುತ್ತಾ?' ಅಂದೆ.

'ಇಲ್ವೋ. ಏನೂ ವಾಸನೆ ಇಲ್ಲ. ನೀರಿದ್ದ ಹಾಗಿದೆ.'

ತುಣುಕು ಕೆಡದ ಹಾಗೆ ಕಾಪಾಡುವ ದ್ರವ ಫಾರ್ಮಲಿನ್. ಅದು ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಹೊಡೆಯುತ್ತದೆ, ಕಣ್ಣಲ್ಲಿ ನೀರು ತರಿಸುತ್ತದೆ. ವಾಸನೆ ಇಲ್ಲ ಅಂದರೆ ಅದು ಸಲೈನ್. ಬರೀ ಉಪ್ಪುನೀರು. ಅದರಲ್ಲಿ ಭಾವನ ಮೆದುಳಿನ ತುಣುಕು ಒಂದು ರಾತ್ರಿ, ಒಂದು ಹಗಲು ಇತ್ತು. ನಮ್ಮ ಲ್ಯಾಬಿನ ಡಾಕ್ಟರಿಗೆ ಹೇಳಿ, ಒಂದು ಡಬ್ಬಿಯಲ್ಲಿ ಫಾರ್ಮಲಿನ್ ತುಂಬಿಕೊಂಡು, ಮೂರು ಕವರ್ ಸುತ್ತಿ, ಬೆಂಗಳೂರು ಬಸ್ ಹತ್ತಿದೆ. ಬಸ್ಸಿನಲ್ಲಿ ಹಾಗೆ ಒಯ್ಯಬಾರದು ಅಂತ ನನಗೆ ಗೊತ್ತು. ಒಂಬತ್ತು ಗಂಟೆಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ಸಲೈನ್ ಚೆಲ್ಲಿ ಫಾರ್ಮಲಿನ್ ಹಾಕಿದೆ. ಅಷ್ಟರಲ್ಲಿ 28 ಗಂಟೆ ಆಗಿತ್ತು. ತುಣುಕು ನೆನೆಸಿಟ್ಟ ಅವಲಕ್ಕಿ ಹಾಗೆ ಮೆತ್ತಗಾಗಿ ಅಂಚುಗಳು ಬಿಟ್ಟುಕೊಂಡಿದ್ದವು.

ಸಚಿವರೇ, ಇಷ್ಟು ವಿವರವಾಗಿ ಯಾಕೆ ಹೇಳುತ್ತಿದ್ದೇನೆ ಅಂದರೆ, ದೇಹದಿಂದ ಹೊರಗೆ ಬಂದ ತುಣುಕು ಸುಮ್ನೆ ಇರುವುದಿಲ್ಲ. ಅದರ ಜೀವಕೋಶಗಳ ಒಳಗಿನ ಕಿಣ್ವಗಳು ಅದನ್ನೇ ಕರಗಿಸಲು ಶುರು ಮಾಡುತ್ತವೆ. ಆರ್‌ಎನ್‌ಎ ಮೊದಲು ಹೋಗುತ್ತದೆ, ಆಮೇಲೆ ಪ್ರೋಟೀನು, ಡಿಎನ್‌ಎ. ಅದನ್ನು ನಿಲ್ಲಿಸಲಿಕ್ಕೇ ಫಾರ್ಮಲಿನ್. ತುಣುಕಿನ ಹತ್ತು ಪಟ್ಟು ಫಾರ್ಮಲಿನ್ ಇರಬೇಕು, ಅದೂ ಬಫರ್ ಮಾಡಿದ್ದು, ಅಂದರೆ ಹುಳಿಯಾಗದ ಹಾಗೆ ಹದ ಮಾಡಿದ್ದು, ತೆಗೆದ ಕೂಡಲೇ ಹಾಕಬೇಕು. ಹಾಗಂತ ವಾರಗಟ್ಟಲೆ ಅದರಲ್ಲೇ ಬಿಟ್ಟರೂ ಡಿಎನ್‌ಎ ಚೂರು ಚೂರಾಗುತ್ತದೆ. ಒಂದೆರಡು ದಿನದಲ್ಲಿ ಬ್ಲಾಕ್ ಆಗಬೇಕು. ಇದು ದೊಡ್ಡ ವಿದ್ಯೆ ಅಲ್ಲ. ಒಂದು ಬಾಟಲಿ ಫಾರ್ಮಲಿನ್‌ಗೆ ಒಂದು ಕಪ್ ಟೀ ದುಡ್ಡೂ ಬೇಕಾಗುವುದಿಲ್ಲ.

ರಿಪೋರ್ಟ್ ಬಂತು. 'ಗ್ಲಯೊಬ್ಲಾಸ್ಟೋಮಾ, ಎನ್‌ಒಎಸ್'. ಮೊದಲ ಪದ ವೇಗವಾಗಿ ಬೆಳೆಯುವ ಒಂದು ಮೆದುಳಿನ ಕ್ಯಾನ್ಸರ್‌ನ ಹೆಸರು. ಅಕ್ಕನಿಗೆ ಅದು ಗೊತ್ತಾಗಲಿಲ್ಲ, ನನಗೆ ಎರಡನೆಯದನ್ನು ನೋಡಿ ಸಂಕಟ ಆಯಿತು. ಎನ್‌ಒಎಸ್ ಅಂದರೆ ಇನ್ನೂ ಹೆಚ್ಚಿಗೆ ವಿಂಗಡಿಸಲು ಬೇಕಾದ ಮಾಹಿತಿ ಸಿಕ್ಕಿಲ್ಲ ಅಂತ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಮೆದುಳಿನ ಗಡ್ಡೆಗಳ ವರ್ಗೀಕರಣವನ್ನೇ ಬದಲಾಯಿಸಿತು. ಅಲ್ಲಿಯವರೆಗೆ ಮೈಕ್ರೊಸ್ಕೋಪಿನಲ್ಲಿ ಹೇಗೆ ಕಾಣುತ್ತದೆ ಅನ್ನುವುದರ ಮೇಲೆ ಹೆಸರು ಇಡುತ್ತಿದ್ದರು, ಆಮೇಲೆ ಗಡ್ಡೆಯ ಜೀನ್‌ಗಳಲ್ಲಿ ಏನಾಗಿದೆ ಅನ್ನುವುದೂ ಹೆಸರಿನಲ್ಲಿ ಸೇರಿತು. 2021ರ ಐದನೇ ಆವೃತ್ತಿಯಲ್ಲಿ ಇನ್ನೂ ಬಿಗಿ ಮಾಡಿದರು. ದೊಡ್ಡವರಲ್ಲಿ ಐಡಿಎಚ್ ಜೀನ್ ಬದಲಾಗಿದ್ದರೆ ಅದನ್ನು ಗ್ಲಯೊಬ್ಲಾಸ್ಟೋಮಾ ಅಂತ ಕರೆಯುವ ಹಾಗೇ ಇಲ್ಲ, ಅದು ಬೇರೆ ಕಾಯಿಲೆ. ಭಾವನದ್ದು ಯಾವುದು ಅಂತ ಪರೀಕ್ಷೆ ಮಾಡಲು ಹೋದರೆ ಬಣ್ಣವೇ ಸರಿಯಾಗಿ ಹಿಡಿಯಲಿಲ್ಲ.

ಈ ಐಡಿಎಚ್ ಕತೆಯನ್ನು ಸ್ವಲ್ಪ ಹೇಳಬೇಕು. 2008ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ತಂಡ 22 ಜನರ ಗ್ಲಯೊಬ್ಲಾಸ್ಟೋಮಾ ಗಡ್ಡೆಗಳನ್ನು ತೆಗೆದುಕೊಂಡು ಒಂದೊಂದರಲ್ಲೂ 20 ಸಾವಿರಕ್ಕೂ ಹೆಚ್ಚು ಜೀನ್‌ಗಳನ್ನು ಓದಿತು. ಬರೀ 22 ಜನ, ಗಮನಿಸಿ. ಅಲ್ಲಿ ಸಿಕ್ಕಿದ್ದು ಐಡಿಎಚ್1 ಎಂಬ ಜೀನ್‌ನಲ್ಲಿ ಒಂದು ಬದಲಾವಣೆ. ಮೆದುಳಿನ ಗಡ್ಡೆಗೂ ಅದಕ್ಕೂ ಸಂಬಂಧ ಇದೆ ಅಂತ ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಮನುಷ್ಯನ ಜೀನೋಮ್‌ನಲ್ಲಿ ಸುಮಾರು 300 ಕೋಟಿ ಅಕ್ಷರ. ಅದರಲ್ಲಿ ಒಂದೇ ಅಕ್ಷರ ತಪ್ಪಿದ್ದಕ್ಕೆ ಪ್ರೋಟೀನಿನ 132ನೇ ಜಾಗದಲ್ಲಿ ಆರ್ಜಿನೈನ್ ಎಂಬ ಅಮೈನೊ ಆಮ್ಲ ಇರಬೇಕಾದ ಕಡೆ ಹೆಚ್ಚಿನವರಲ್ಲಿ ಹಿಸ್ಟಿಡಿನ್ ಬಂದು ಕೂತಿರುತ್ತದೆ. ಈ ಬದಲಾವಣೆ ಇರುವವರು ಹೆಚ್ಚಾಗಿ ಚಿಕ್ಕ ವಯಸ್ಸಿನವರು, ಮತ್ತು ಅವರು ಉಳಿದವರಿಗಿಂತ ಜಾಸ್ತಿ ದಿನ ಬದುಕುತ್ತಾರೆ. ಭಾವನಿಗೆ ಆಗ 44. ಕೇಳಲೇಬೇಕಾದ ಪ್ರಶ್ನೆ ಅದು, ಅಲ್ವಾ? 2024ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ವೊರಾಸಿಡೆನಿಬ್ ಎಂಬ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಅದು ಇದೇ ಐಡಿಎಚ್ ಬದಲಾವಣೆ ಇರುವ ಎರಡನೇ ಗ್ರೇಡ್, ಅಂದರೆ ನಿಧಾನವಾಗಿ ಬೆಳೆಯುವ ಗಡ್ಡೆಗಳಿಗೆ. ಭಾವನಿಗೆ ಅದು ಅನ್ವಯಿಸುತ್ತಿರಲಿಲ್ಲ. ಆದರೆ ನಾಳೆ ಕೋಲಾರದ ಇನ್ನೊಬ್ಬ ಹುಡುಗನಿಗೆ ಅನ್ವಯಿಸಬಹುದು. ಅವನ ಗಡ್ಡೆಯಲ್ಲಿ ಈ ಬದಲಾವಣೆ ಇದೆಯೋ ಇಲ್ಲವೋ ಅಂತ ಗೊತ್ತೇ ಆಗದಿದ್ದರೆ ಯಾವ ಮಾತ್ರೆ ಬಂದು ಏನು?

ಮಾತ್ರೆ ಅಂದಾಗ ನಮ್ಮ ಮನೆಯ ಇನ್ನೊಂದು ವಿಷಯ. ರೇಡಿಯೇಷನ್ ಜೊತೆಗೆ ಟೆಮೊಝೊಲೊಮೈಡ್ ಕ್ಯಾಪ್ಸೂಲ್ ಕೊಡುತ್ತಾರೆ. 2005ರಲ್ಲಿ ಬಂದ ಅಧ್ಯಯನದ ಮೇಲೆ ಇದು ಜಗತ್ತಿನಲ್ಲೆಲ್ಲ ರೂಢಿಯಾಯಿತು. ಬರೀ ರೇಡಿಯೇಷನ್ ಪಡೆದವರಲ್ಲಿ ಅರ್ಧ ಜನ 12.1 ತಿಂಗಳಿಗಿಂತ ಹೆಚ್ಚು ಬದುಕಿದರು, ಕ್ಯಾಪ್ಸೂಲ್ ಸೇರಿಸಿದಾಗ ಅದು 14.6 ತಿಂಗಳಾಯಿತು. ಎರಡೂವರೆ ತಿಂಗಳು. ಆದರೆ ಅದೇ ವರ್ಷ ಅದೇ ರೋಗಿಗಳ ಗಡ್ಡೆಗಳಲ್ಲಿ ಎಂಜಿಎಂಟಿ ಎಂಬ ಜೀನ್ ನೋಡಿದಾಗ ಲೆಕ್ಕವೇ ಬೇರೆಯಾಗಿ ಒಡೆಯಿತು. ಈ ಜೀನ್ ಕೆಲಸ ಮಾಡುತ್ತಿದ್ದರೆ ಔಷಧಿ ಮಾಡಿದ ಗಾಯವನ್ನು ಗಡ್ಡೆ ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಜೀನ್‌ನ ಶುರುವಿನ ಭಾಗಕ್ಕೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುಂಪು ಅಂಟಿಕೊಂಡು ಅದು ಮುಚ್ಚಿಹೋಗಿದ್ದರೆ ರಿಪೇರಿ ಆಗುವುದಿಲ್ಲ, ಔಷಧಿ ನಾಟುತ್ತದೆ. ಮುಚ್ಚಿಹೋಗಿದ್ದವರಲ್ಲಿ ಕ್ಯಾಪ್ಸೂಲ್‌ನಿಂದ 15.3 ತಿಂಗಳು 21.7 ಆಯಿತು. ಮುಚ್ಚಿರದವರಲ್ಲಿ 11.8 ಇದ್ದದ್ದು 12.7, ಅಷ್ಟೇ.

ಈ ನಾಲ್ಕು ಅಂಕಿಗಳನ್ನು ಅಕ್ಕನ ಅಡುಗೆ ಮನೆಯಲ್ಲಿ ಕೂತು ಒಂದು ಹಳೇ ಕ್ಯಾಲೆಂಡರ್ ಹಿಂದೆ ಬರೆದು ವಿವರಿಸಿದೆ. ಅವಳು ಓದಿರುವುದು ಏಳನೇ ಕ್ಲಾಸು, ಆದರೆ ಐದು ನಿಮಿಷದಲ್ಲಿ ಅರ್ಥ ಮಾಡಿಕೊಂಡಳು. 'ಹಂಗಾದ್ರೆ ಅವ್ರದ್ದು ಮುಚ್ಚಿದ್ಯಾ, ತೆರೆದಿದ್ಯಾ?' ಅಂತ ಕೇಳಿದಳು. ಅವಳ ಪಾಲಿಗೆ ಅದು ಎರಡು ಎಕರೆ ಮಾವಿನ ತೋಟದ ಪ್ರಶ್ನೆಯಾಗಿತ್ತು. ತೋಟ ಒತ್ತೆ ಇಟ್ಟು ಔಷಧಿ ಮುಂದುವರಿಸುವುದಾ, ಅಥವಾ ಆ ದುಡ್ಡಲ್ಲಿ ಭಾವನನ್ನು ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳುವುದಾ? ಟೆಸ್ಟಿಗೆ ಕೈಯಿಂದ ಹಣ ಕಟ್ಟಿ ಅಂದರು, ಕಟ್ಟಿದೆವು. ಬ್ಲಾಕ್ ಕೇಳಿದರೆ ಹೊರಗಿನ ಲ್ಯಾಬಿಗೆ ಹೋಗಿದೆ ಅಂದರು. ಆ ಲ್ಯಾಬಿನವರು ವಾಪಸ್ ಕೊಟ್ಟಿದ್ದೇವೆ ಅಂದರು. ಐದು ವಾರ ಅಲೆದಾಡಿದ ಮೇಲೆ ಒಂದು ಬ್ಲಾಕ್ ಸಿಕ್ಕಿತು. ಟೆಸ್ಟಿನ ಉತ್ತರ: ಡಿಎನ್‌ಎ ಗುಣಮಟ್ಟ ಸಾಲದು, ಫಲಿತಾಂಶ ಹೇಳಲಾಗದು.

ತೋಟ ಒತ್ತೆ ಇಟ್ಟರು. ಆಪರೇಷನ್ ಆದ ಹನ್ನೊಂದನೇ ತಿಂಗಳಲ್ಲಿ ಭಾವ ಹೋದರು.

ಫಾರ್ಮಲಿನ್ ಇದ್ದಿದ್ದರೆ ಭಾವ ಉಳಿಯುತ್ತಿದ್ದರು ಅಂತ ನಾನು ಹೇಳುತ್ತಿಲ್ಲ. ಈ ಕಾಯಿಲೆ ಎಂಥದ್ದು ಅಂತ ನನಗೆ ಗೊತ್ತಿದೆ. ಸ್ಲೈಡಿನಲ್ಲಿ ನೋಡಿದರೆ ನಡುವೆ ಸತ್ತ ಜಾಗ, ಅದರ ಸುತ್ತ ಜೀವಕೋಶಗಳು ಬೇಲಿಗೆ ಗೂಟ ನೆಟ್ಟ ಹಾಗೆ ಒತ್ತಾಗಿ ಸಾಲು ನಿಂತಿರುತ್ತವೆ. ಅಂಚು ಅನ್ನುವುದೇ ಇರುವುದಿಲ್ಲ. ಒಂದೊಂದೇ ಕೋಶ ನರತಂತುಗಳನ್ನು, ರಕ್ತನಾಳಗಳನ್ನು ಹಿಡಿದುಕೊಂಡು ಚೆನ್ನಾಗಿರುವ ಮೆದುಳಿನೊಳಗೆ ತೆವಳಿ ಹೋಗಿರುತ್ತದೆ. 1928ರಲ್ಲೇ ಅಮೆರಿಕದ ವಾಲ್ಟರ್ ಡ್ಯಾಂಡಿ ಎಂಬ ಸರ್ಜನ್ ಇಂಥ ಗಡ್ಡೆಗೆ ಮೆದುಳಿನ ಬಲ ಅರ್ಧವನ್ನೇ ಪೂರ್ತಿ ತೆಗೆದು ನೋಡಿದ್ದರು. ಅದರಿಂದಲೂ ಈ ಕಾಯಿಲೆ ಗೆಲ್ಲಲಾಗಲಿಲ್ಲ. ನಾನು ಕೇಳುತ್ತಿರುವುದು ಇಷ್ಟೇ. ಅಕ್ಕ ಕೇಳಿದ ಪ್ರಶ್ನೆಗೆ ವಿಜ್ಞಾನದ ಹತ್ತಿರ ಉತ್ತರ ಇತ್ತು. 70 ಕಿಲೋಮೀಟರ್ ದೂರದಲ್ಲಿ ಇತ್ತು. ಒಂದು ಬಾಟಲಿಯ ದೆಸೆಯಿಂದ ಅವಳಿಗೆ ಅದು ಸಿಗಲಿಲ್ಲ.

ಇನ್ನು ವಿಜ್ಞಾನಿಗಳಿಗೆ ಎರಡು ಮಾತು.

ನಿಮ್ಮ ಕೆಲಸದ ಮೇಲೆ ನನಗೆ ತುಂಬಾ ಗೌರವ ಇದೆ. ರಾತ್ರಿ ಊಟ ಆದ ಮೇಲೆ ಕೂತು ಓದುತ್ತೇನೆ, ಅರ್ಧಕ್ಕರ್ಧ ಅರ್ಥವಾಗುವುದಿಲ್ಲ, ಆದರೂ ಬಿಡುವುದಿಲ್ಲ. ಅಮೆರಿಕದಲ್ಲಿ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆ ತನ್ನ ಮೊದಲ ದೊಡ್ಡ ವರದಿ ಕೊಟ್ಟಿದ್ದೇ ಈ ಗ್ಲಯೊಬ್ಲಾಸ್ಟೋಮಾ ಬಗ್ಗೆ, 2008ರಲ್ಲಿ, 206 ಗಡ್ಡೆಗಳನ್ನು ನೋಡಿ. ಸಂಗ್ರಹದಲ್ಲಿದ್ದ ಎಷ್ಟೋ ಮಾದರಿಗಳನ್ನು ಗುಣಮಟ್ಟ ಸಾಲದು ಅಂತ ಕೈಬಿಡಬೇಕಾಯಿತು. ಅದನ್ನು ಓದಿದಾಗ ನನಗೆ ಅಕ್ಕನ ಬಟ್ಟೆ ಬ್ಯಾಗು ಕಣ್ಣ ಮುಂದೆ ಬಂತು. ನಮ್ಮ ಬೆಂಗಳೂರಿನಲ್ಲೂ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆ ಐಐಎಸ್‌ಸಿಯ ಕುಮಾರವೇಲ್ ಸೋಮಸುಂದರಂ ಅವರ ಲ್ಯಾಬು, ನಿಮ್ಹಾನ್ಸ್‌ನಲ್ಲಿ ವಾಣಿ ಸಂತೋಷ್ ಅವರ ತಂಡ ಸೇರಿ ಗ್ಲಯೋಮಾ, ಅಂದರೆ ಗ್ಲಯೊಬ್ಲಾಸ್ಟೋಮಾ ಸೇರಿದ ಗಡ್ಡೆಗಳ ಗುಂಪಿನ ಮೇಲೆ ವರ್ಷಗಟ್ಟಲೆ ದುಡಿದು, 2013ರಲ್ಲಿ 14 ಜೀನ್‌ಗಳನ್ನು ಅಳೆದು ಯಾವ ರೋಗಿಗೆ ಅಪಾಯ ಜಾಸ್ತಿ ಅಂತ ಹೇಳುವ ದಾರಿ ತೋರಿಸಿದರು. ನಮ್ಮ ಜನರ ಗಡ್ಡೆಗಳಿಂದಲೇ ಕಲಿತದ್ದು ಅದು. ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಬ್ಯಾಂಕ್, ಅಂದರೆ ಸಂಶೋಧನೆಗಾಗಿ ಮೆದುಳಿನ ಅಂಗಾಂಶ ಕಾಪಾಡಿ ಇಡುವ ಜಾಗ ಇದೆ. 10 ಸಾವಿರ ಭಾರತೀಯರ ಜೀನೋಮ್ ಓದಿದ ಜೀನೋಮ್ ಇಂಡಿಯಾ ಯೋಜನೆಯ ಉಸ್ತುವಾರಿ ಕೂಡ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರದ್ದೇ, 2025ರ ಜನವರಿಯಲ್ಲಿ ಆ ಮಾಹಿತಿ ಸಂಶೋಧಕರಿಗೆ ತೆರೆಯಿತು. ಇಷ್ಟೆಲ್ಲ ನಮ್ಮ ಪಕ್ಕದಲ್ಲೇ ಇದೆ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಜೀವಕೋಶಗಳ ಚಿತ್ರ ತೆಗೆಯುವ ಕೆಲಸ. ನಾನು ದಿನವೂ ನೋಡುವುದು ಸತ್ತ ಕೋಶಗಳನ್ನು, ಗುಲಾಬಿ ಮತ್ತು ನೀಲಿ ಬಣ್ಣದಲ್ಲಿ. ನಿಮ್ಮ ಲ್ಯಾಬುಗಳಲ್ಲಿ ಅವು ಬದುಕಿರುತ್ತವೆ, ಹಸಿರಾಗಿ ಹೊಳೆಯುತ್ತಾ ಚಲಿಸುತ್ತವೆ. ಲೋಳೆಮೀನಿನಿಂದ ಬಂದ ಆ ಹಸಿರು ಪ್ರೋಟೀನಿನ ಕೆಲಸಕ್ಕೆ 2008ರಲ್ಲಿ ನೊಬೆಲ್ ಬಂತು. 2015ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ತಂಡ ಇಂಥದ್ದೇ ವಿಧಾನದಲ್ಲಿ, ರೋಗಿಗಳಿಂದ ಬಂದ ಗಡ್ಡೆ ಕೋಶಗಳನ್ನು ಇಲಿಯ ಮೆದುಳಿನಲ್ಲಿ ಬೆಳೆಸಿ ವಾರಗಟ್ಟಲೆ ನೋಡಿತು. ಕೋಶಗಳು ಉದ್ದನೆಯ ತೆಳು ಕೊಳವೆಗಳನ್ನು ಚಾಚಿ ಒಂದಕ್ಕೊಂದು ಹೆಣೆದುಕೊಂಡಿದ್ದವು. ಹಾಗೆ ಹೆಣೆದುಕೊಂಡ ಕೋಶಗಳು ರೇಡಿಯೇಷನ್‌ಗೆ ಸುಲಭವಾಗಿ ಸಾಯುವುದಿಲ್ಲ. 2019ರಲ್ಲಿ ಇನ್ನೂ ಒಂದು ವಿಷಯ ಗೊತ್ತಾಯಿತು. ಚೆನ್ನಾಗಿರುವ ನರಕೋಶಗಳೇ ಗಡ್ಡೆಯ ಕೋಶಗಳ ಜೊತೆ ಸಂಪರ್ಕ ಮಾಡಿಕೊಂಡು ಅವು ಬೆಳೆಯುವಂತೆ ಮಾಡುತ್ತವೆ. ಭಾವ ಕೊನೆಯ ತಿಂಗಳುಗಳಲ್ಲೂ ಕೂತು ಮಗಳಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ಅವರ ಯೋಚನೆ ಓಡಾಡುವ ತಂತಿಗಳ ಮೇಲೇ ಗಡ್ಡೆಯೂ ಬದುಕುತ್ತಿತ್ತೇನೋ ಅಂತ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಇದನ್ನೆಲ್ಲ ನನಗೆ ಯಾರೂ ಕನ್ನಡದಲ್ಲಿ ಹೇಳಲಿಲ್ಲ. ನಾನೇ ಡಿಕ್ಷನರಿ ಹಿಡಿದು ಓದಿದ್ದು. ಆಪರೇಷನ್ ಹಿಂದಿನ ರಾತ್ರಿ ಅಕ್ಕನ ಮುಂದೆ ಒಂದು ಫಾರಂ ಇಟ್ಟಿದ್ದರು, ಪೂರ್ತಿ ಇಂಗ್ಲಿಷ್, ಆರು ಪುಟ. ಅದರಲ್ಲಿ ಒಂದು ಸಾಲು, ತೆಗೆದ ಅಂಗಾಂಶವನ್ನು ಸಂಶೋಧನೆಗೆ ಬಳಸಲು ಒಪ್ಪಿಗೆ ಇದೆ ಅಂತ. ಅವಳು ಸಹಿ ಹಾಕಿದಳು. ಹಾಕದಿದ್ದರೆ ಆಪರೇಷನ್ ಮಾಡಲ್ವೇನೋ ಅಂದುಕೊಂಡಿದ್ದಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿದೆ, ಒಪ್ಪಿಗೆ ಪತ್ರ ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಅಂತ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮಾತಾಡುತ್ತಾರೆ, ಅವರಿಗೆ ತೆಲುಗಿನಲ್ಲೂ ಬೇಕು. ನಿಜ ಹೇಳಬೇಕು ಅಂದರೆ, ಸರಿಯಾಗಿ ಕೂರಿಸಿ ಕೇಳಿದ್ದರೆ ಅಕ್ಕ ಎರಡು ಕೈಯಿಂದ ಕೊಡುತ್ತಿದ್ದಳು. ನಮ್ಮ ಜನ ವಿಜ್ಞಾನಕ್ಕೆ ಬೆನ್ನು ತೋರಿಸುವವರಲ್ಲ. ನಮ್ಮ ಕೆಜಿಎಫ್ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರ್‌ಗೂ ಹೆಚ್ಚು ಆಳದಲ್ಲಿ, 1965ರಲ್ಲಿ ವಾತಾವರಣದ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳ ಸುಳಿವು ಹಿಡಿದರು. ಆ ಆಳದಲ್ಲಿ ದಿನಾ ಬೆವರು ಸುರಿಸಿದ್ದು ನಮ್ಮ ಕಾರ್ಮಿಕರು.

ಊರಿನಲ್ಲಿ ಎಲ್ಲರೂ ಒಂದೇ ಮಾತು ಕೇಳುತ್ತಾರೆ. ಇದು ಯಾತಕ್ಕೆ ಬಂತು? ಟೊಮೆಟೊಗೆ ಹೊಡೆಯುವ ಔಷಧಿಯಿಂದಾನಾ? ಕೆರೆ ನೀರಿಂದಾನಾ? ಮೊಬೈಲಿಂದಾನಾ? ತಲೆಗೆ ಬಿದ್ದ ಜೋರಾದ ವಿಕಿರಣ, ಮತ್ತೆ ಅಪರೂಪದ ಕೆಲವು ವಂಶವಾಹಿ ಕಾಯಿಲೆಗಳು, ಇಷ್ಟೇ ಗಟ್ಟಿಯಾಗಿ ಗೊತ್ತಿರುವ ಕಾರಣಗಳು, ಬಹಳಷ್ಟು ರೋಗಿಗಳಲ್ಲಿ ಎರಡೂ ಇರುವುದಿಲ್ಲ ಅಂತ ನಾನು ಹೇಳುತ್ತೇನೆ. ಯಾರೂ ನಂಬುವುದಿಲ್ಲ. ನಂಬಿಸಲು ನನ್ನ ಹತ್ತಿರ ನಮ್ಮ ಜಿಲ್ಲೆಯ ಲೆಕ್ಕ ಇಲ್ಲ. ಬೆಂಗಳೂರಿನಲ್ಲಿ 1982ರಿಂದ ಕಿದ್ವಾಯಿ ಸಂಸ್ಥೆಯಲ್ಲಿ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ, ಆದರೆ ಅದು ಬೆಂಗಳೂರಿನ ನಿವಾಸಿಗಳ ಲೆಕ್ಕ. ನಮ್ಮವರು ಅಲ್ಲಿಗೇ ಹೋಗಿ ಚಿಕಿತ್ಸೆ ಪಡೆದರೂ ಹೊರಗಿನವರು. ಲೆಕ್ಕ ಇಲ್ಲದ ಕಡೆ ಭಯ ಬೆಳೆಯುತ್ತದೆ.

ಆದ್ದರಿಂದ ಸಚಿವರೇ, ನನ್ನ ಬೇಡಿಕೆಗಳು ಇವು. ಮೊದಲನೆಯದು ತೀರಾ ಸಣ್ಣದು, ಅದಕ್ಕೇ ಅದನ್ನು ಜಾಸ್ತಿ ಒತ್ತಿ ಹೇಳುತ್ತೇನೆ. ಬಯಾಪ್ಸಿ ಬಾಟಲಿಯನ್ನು ರೋಗಿಯ ಮನೆಯವರ ಕೈಗೆ ಕೊಡುವ ಪದ್ಧತಿ ನಿಲ್ಲಿಸಿ. ಥಿಯೇಟರಿನಲ್ಲೇ ಫಾರ್ಮಲಿನ್ ತುಂಬಿದ ಬಾಟಲಿ ಇರಲಿ, ತುಣುಕು ತೆಗೆದ ಸಮಯ, ಫಾರ್ಮಲಿನ್‌ಗೆ ಹಾಕಿದ ಸಮಯ ಎರಡನ್ನೂ ಲೇಬಲ್ಲಿನ ಮೇಲೆ ಬರೆಯಲಿ, ಶನಿವಾರ ಭಾನುವಾರವೂ ಅದನ್ನು ತೆಗೆದುಕೊಳ್ಳಲು ಒಬ್ಬರು ಇರಲಿ. ಸರ್ಕಾರಿ ಆಸ್ಪತ್ರೆಗೆ ಒಂದು ಸುತ್ತೋಲೆ ಸಾಕು. ಖಾಸಗಿಯವರಿಗೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕೆಪಿಎಂಇ ಕಾಯ್ದೆ ಇದೆ, ನೋಂದಣಿ ಮಾಡುವಾಗ, ನವೀಕರಣ ಮಾಡುವಾಗ ಇದನ್ನೂ ಪರಿಶೀಲಿಸುವ ಹಾಗೆ ಮಾಡಬಹುದು. ಅಟೆಂಡರ್‌ಗಳಿಗೆ, ಥಿಯೇಟರ್ ನರ್ಸ್‌ಗಳಿಗೆ ಅರ್ಧ ದಿನದ ತರಬೇತಿ ಕೊಡಿ. ನಮ್ಮ ಜಿಲ್ಲೆಯಲ್ಲಿ ನಾನೇ ಬಂದು ಹೇಳಿಕೊಡುತ್ತೇನೆ, ರಜೆ ಹಾಕಿಯಾದರೂ.

ಬ್ಲಾಕ್ ಎಲ್ಲಿದೆ ಅನ್ನುವುದಕ್ಕೆ ಒಂದು ರಿಜಿಸ್ಟರ್ ಬೇಕು. ಬ್ಯಾಂಕಿನಲ್ಲಿ ಚಿನ್ನ ಇಟ್ಟರೆ ರಸೀತಿ ಕೊಡುತ್ತಾರೆ, ಬ್ಲಾಕಿಗೂ ಒಂದು ರಸೀತಿ ಕೊಡಲಿ, ಕನಿಷ್ಠ ಹತ್ತು ವರ್ಷ ಇಡಲಿ, ಕೇಳಿದ ಮೂರು ದಿನದಲ್ಲಿ ಕೈಗೆ ಕೊಡಲಿ. ಐಡಿಎಚ್, ಎಂಜಿಎಂಟಿ ಪರೀಕ್ಷೆಗಳ ಹಣವನ್ನು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲೇ ಭರಿಸಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಇದೆ, ಸಂತೋಷ, ಆದರೆ ಆಪರೇಷನ್‌ಗೆ ಹಣ ಇದ್ದು ಯಾವ ಕಾಯಿಲೆ ಅಂತ ತಿಳಿಯಲು ಕೈಯಿಂದ ಕೊಡಬೇಕು ಅಂದರೆ ಅಕ್ಕನಂಥವರು ಟೆಸ್ಟನ್ನೇ ಬಿಡುತ್ತಾರೆ. ಮತ್ತೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಈ ಮೂರು ಜಿಲ್ಲೆಗಳಿಂದ ವಾರಕ್ಕೆ ಎರಡು ಸಲ ಬ್ಲಾಕುಗಳನ್ನು ಬೆಂಗಳೂರಿನ ಸರ್ಕಾರಿ ಕೇಂದ್ರಕ್ಕೆ ಒಯ್ದು, ರಿಪೋರ್ಟ್ ಜೊತೆ ವಾಪಸ್ ತರುವ ಒಂದು ವ್ಯವಸ್ಥೆ ಮಾಡಿ. ನಮ್ಮ ಮಂಡಿಯಿಂದ ಟೊಮೆಟೊ ಕೆಡದ ಹಾಗೆ ಎರಡು ದಿನದ ದಾರಿ ಹೋಗುತ್ತದೆ, ಮೇಣದ ಬ್ಲಾಕ್ ಕೆಡುವ ವಸ್ತುವೇ ಅಲ್ಲ. ಮೂರೂ ಜಿಲ್ಲೆಗಳ ಕ್ಯಾನ್ಸರ್ ರೋಗಿಗಳ ನೋಂದಣಿಯೂ ಆಗಲಿ.

ವಿಜ್ಞಾನಿಗಳೇ, ನಿಮ್ಮಲ್ಲಿ ಒಂದೇ ವಿನಂತಿ. ನಮ್ಮವರಿಂದ ಮಾದರಿ ತೆಗೆದುಕೊಂಡರೆ, ಅದರಿಂದ ಏನು ಕಲಿತಿರಿ ಅಂತ ಬಂದು ಹೇಳಿ. ಹೆಸರು ವಿವರ ಬೇಡ, ಅದು ಗುಟ್ಟಾಗಿಯೇ ಇರಬೇಕು. ವರ್ಷಕ್ಕೊಮ್ಮೆ ಒಂದು ಭಾನುವಾರ ಕೋಲಾರಕ್ಕೆ ಬನ್ನಿ. ಕನ್ನಡ ಸರಿಯಾಗಿ ಬರದಿದ್ದರೂ ಪರವಾಗಿಲ್ಲ, ನಾವು ಕೇಳಿಸಿಕೊಳ್ಳುತ್ತೇವೆ. ಆ ಹಸಿರು ಕೋಶಗಳ ವಿಡಿಯೊ ತೋರಿಸಿ. ನನ್ನ ಅಕ್ಕ ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ, ಅವಳ ಮಗಳೂ ಬರುತ್ತಾಳೆ. ಅವಳು ಈಗ ಪಿಯುಸಿಯಲ್ಲಿ ಬಯಾಲಜಿ ತೆಗೆದುಕೊಂಡಿದ್ದಾಳೆ.

ಭಾವನ ಬ್ಲಾಕ್ ಈಗ ಅಕ್ಕನ ಮನೆಯಲ್ಲಿದೆ. ಕಬ್ಬಿಣದ ಟ್ರಂಕಿನಲ್ಲಿ, ಪಹಣಿ ಮತ್ತು ರೇಷನ್ ಕಾರ್ಡ್ ಜೊತೆ, ಅವರ ಮಂಡಿ ಪುಸ್ತಕದ ಆ ನಾಲ್ಕು ಹಾಳೆಗಳನ್ನೂ ಅದರ ಪಕ್ಕದಲ್ಲೇ ಇಟ್ಟಿದ್ದಾಳೆ. ಬ್ಲಾಕಿನಲ್ಲಿ ಇನ್ನೂ ಉಗುರಿನಷ್ಟು ಅಂಗಾಂಶ ಉಳಿದಿದೆ, ಕೆಟ್ಟಿದ್ದರೂ ಚೂರು ಡಿಎನ್‌ಎ ಓದುವ ಹೊಸ ವಿಧಾನ ನಿಮ್ಮಲ್ಲಿ ಯಾರ ಬಳಿಯಾದರೂ ಇದ್ದರೆ ಕೊಡಲು ಅಕ್ಕ ಸಿದ್ಧ. ಫಾರಂ ಕನ್ನಡದಲ್ಲಿ ಕಳಿಸಿ. ಈ ಸಲ ಅವಳು ಓದಿ ಸಹಿ ಹಾಕುತ್ತಾಳೆ, ಬ್ಲಾಕನ್ನು ನಾನೇ ತಂದು ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಲ್ಯಾಬ್ ಟೆಕ್ನಿಷಿಯನ್
ಕೋಲಾರ